ದೂರ ಒಂದೇ, ಹಾರಾಟದ ಅವಧಿ ಬೇರೆ

ನ್ಯೂಯಾರ್ಕ್ ಮತ್ತು ಲಂಡನ್ ನಡುವಿನ ಅಂತರ ಸುಮಾರು 5,550 ಕಿ.ಮೀ. ನ್ಯೂಯಾರ್ಕ್‌ನಿಂದ ಹೊರಟ ವಿಮಾನ ಸಾಮಾನ್ಯವಾಗಿ ಆರೂವರೆಯಿಂದ ಏಳು ಗಂಟೆಗಳಲ್ಲಿ ಲಂಡನ್ ತಲುಪುತ್ತದೆ. ಮರಳುವಾಗ ಏಳೂವರೆಯಿಂದ ಎಂಟು ಗಂಟೆ ಹಿಡಿಯುತ್ತದೆ. ಇದಕ್ಕೆ ಭೂಮಿಯ ತಿರುಗುವಿಕೆಯೇ ನೇರ ಕಾರಣವೆಂದು ಹಲವರು ಭಾವಿಸುತ್ತಾರೆ. ಆದರೆ ಭೂಮಿಯೊಂದಿಗೆ ವಾತಾವರಣವೂ ತಿರುಗುತ್ತಿರುವುದರಿಂದ, ವಿಮಾನ ಮೇಲೇರಿದ ಮಾತ್ರಕ್ಕೆ ಕೆಳಗಿನ ನೆಲ ಸರಿದುಹೋಗುವುದಿಲ್ಲ. ಹಾಗೆ ಸರಿಯುವುದಿದ್ದರೆ, ಪೂರ್ವಕ್ಕೆ ತಿರುಗುವ ಭೂಮಿಯ ಮೇಲೆ ಪಶ್ಚಿಮದ ಪ್ರಯಾಣವೇ ಬೇಗ ಮುಗಿಯಬೇಕಿತ್ತು.

ಮೊದಲು ದೂರವನ್ನು ನೋಡೋಣ. ಗೋಳದ ಮೇಲಿನ ಎರಡು ಸ್ಥಳಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ, ಅಂದರೆ ಗೋಳವನ್ನು ಎರಡು ಸಮಭಾಗ ಮಾಡುವ ವೃತ್ತದ, ಒಂದು ಭಾಗ. ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ಎರಡೂ 40 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದ್ದರೂ, ಅಕ್ಷಾಂಶವನ್ನೇ ಹಿಡಿದು ನೇರ ಪಶ್ಚಿಮಕ್ಕೆ ಹೋದರೆ ಸುಮಾರು 5,940 ಕಿ.ಮೀ. ಆಗುತ್ತದೆ; 46 ಡಿಗ್ರಿಯವರೆಗೆ ಉತ್ತರಕ್ಕೆ ಬಾಗಿ ಸಾಗುವ ಮಹಾವೃತ್ತದ ದಾರಿ ಸುಮಾರು 5,770 ಕಿ.ಮೀ. ಮಾತ್ರ. ಚಪ್ಪಟೆ ನಕ್ಷೆಯಲ್ಲಿ ಸುತ್ತುಬಳಸಿನಂತೆ ಕಾಣುವ ದಾರಿಯೇ ನಿಜಕ್ಕೂ ಹತ್ತಿರದ್ದು.

ಅವಧಿಯ ವ್ಯತ್ಯಾಸಕ್ಕೆ ಕಾರಣ ಗಾಳಿ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ಜೆಟ್ ವಿಮಾನಗಳು ಹಾರುವ ಮಟ್ಟದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಪ್ರಬಲ ವಾಯುಪ್ರವಾಹ ಹರಿಯುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಇದನ್ನು ಅಳೆದಿದ್ದರು. 2020ರ ಫೆಬ್ರುವರಿಯಲ್ಲಿ ಇದರ ವೇಗ ಎಷ್ಟು ಹೆಚ್ಚಿತ್ತೆಂದರೆ, ನ್ಯೂಯಾರ್ಕ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು 4 ಗಂಟೆ 56 ನಿಮಿಷಗಳಲ್ಲಿ ಲಂಡನ್ ಸೇರಿತು. ನೆಲಕ್ಕೆ ಹೋಲಿಸಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೂ ಅದು ಶಬ್ದದ ವೇಗವನ್ನು ಮೀರಿರಲಿಲ್ಲ. ಏಕೆಂದರೆ ವಿಮಾನಕ್ಕೆ ಲೆಕ್ಕಕ್ಕೆ ಬರುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ಮತ್ತು ಆ ಗಾಳಿಯೇ ಮುಂದಕ್ಕೆ ಓಡುತ್ತಿತ್ತು.

ಹೋಗುವಾಗ ಉಳಿದ ಸಮಯ ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆಯೇ? ಇಲ್ಲ, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಸಂಗತಿ ಇದೇ. ದೂರ 5,400 ಕಿ.ಮೀ., ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದಿಟ್ಟುಕೊಳ್ಳಿ. ಗಾಳಿ ನಿಶ್ಚಲವಾಗಿದ್ದರೆ ಹೋಗಿಬರಲು 12 ಗಂಟೆ ಸಾಕು. ಗಂಟೆಗೆ 150 ಕಿ.ಮೀ. ವೇಗದ ಗಾಳಿಯಿದ್ದರೆ, ಅದರೊಂದಿಗೆ ಸಾಗುವಾಗ ಸುಮಾರು 5 ಗಂಟೆ 9 ನಿಮಿಷ, ಅದರ ಎದುರು 7 ಗಂಟೆ 12 ನಿಮಿಷ. ಒಟ್ಟು 12 ಗಂಟೆ 21 ನಿಮಿಷ. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗಿ ಸಾಗುವುದರಿಂದ ಆ ಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತದೆ. ಹೀಗಾಗಿ ಗಳಿಕೆಗಿಂತ ನಷ್ಟವೇ ಹೆಚ್ಚು.

ಆದ್ದರಿಂದಲೇ ಉತ್ತರ ಅಟ್ಲಾಂಟಿಕ್‌ನ ಮೇಲಿನ ದಾರಿಗಳನ್ನು ಗಾಳಿಯ ಮುನ್ಸೂಚನೆ ನೋಡಿ ದಿನದಿನವೂ ಹೊಸದಾಗಿ ಗುರುತಿಸುತ್ತಾರೆ. ಪೂರ್ವಕ್ಕೆ ಹೋಗುವ ವಿಮಾನಗಳನ್ನು ಜೆಟ್ ಸ್ಟ್ರೀಮ್‌ನೊಳಕ್ಕೆ ಬಿಟ್ಟರೆ, ಪಶ್ಚಿಮಕ್ಕೆ ಹೋಗುವವುಗಳನ್ನು ಅದರಿಂದ ದೂರ ಇರಿಸುತ್ತಾರೆ. ಇದರಿಂದ ನೂರಾರು ಕಿಲೋಮೀಟರ್ ಹೆಚ್ಚು ಹಾರಬೇಕಾಗಿ ಬಂದರೂ, ಎದುರುಗಾಳಿ ತಪ್ಪುವುದರಿಂದ ಇಂಧನವೂ ಸಮಯವೂ ಉಳಿಯುತ್ತವೆ.