ಬೈಕ್ ಓಡಿಸಲು ಬಂದರೆ ಸ್ನೋಮೊಬೈಲ್ ಓಡಿಸಬಹುದಾ?

ಓದುಗರ ಪ್ರಶ್ನೆ: ಮಾರ್ಚ್‌ನಲ್ಲಿ ಫಿನ್‌ಲ್ಯಾಂಡಿನ ಲೆವಿಗೆ ಒಂದು ವಾರ ಸ್ಕೀ ಕಲಿಯಲು ಹೋಗುತ್ತಿದ್ದೇವೆ. ನಡುವೆ ಒಂದು ದಿನ ಸ್ನೋಮೊಬೈಲ್ ಓಡಿಸುವ ಆಸೆ. ನನಗೆ 12 ವರ್ಷದಿಂದ ಬೈಕ್ ಓಡಿಸಿ ಅಭ್ಯಾಸವಿದೆ. ಅಷ್ಟು ಸಾಕಾ? ಹೆಂಡತಿ ಮತ್ತು 8 ವರ್ಷದ ಮಗಳು ಜೊತೆಗಿರುತ್ತಾರೆ.

ಓಡಿಸಬಹುದು, ಧೈರ್ಯವಾಗಿ ಬುಕ್ ಮಾಡಿ. ಆದರೆ ಬೈಕಿನ ಅಭ್ಯಾಸ ಅರ್ಧ ಕೈ ಹಿಡಿಯುತ್ತದೆ, ಇನ್ನರ್ಧ ಅಡ್ಡ ಬರುತ್ತದೆ. ಆ ಅಡ್ಡ ಬರುವ ಅರ್ಧ ಯಾವುದು ಅಂತ ಮೊದಲೇ ಗೊತ್ತಿದ್ದರೆ ಆ ದಿನ ತುಂಬ ಚೆನ್ನಾಗಿರುತ್ತದೆ. ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಗಾಡಿ ಹೀಗಿರುತ್ತದೆ. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ಒಂದೇ ರಬ್ಬರ್ ಪಟ್ಟಿ. ಎಂಜಿನ್ ಆ ಪಟ್ಟಿಯನ್ನು ತಿರುಗಿಸುತ್ತದೆ, ಅದು ಹಿಮವನ್ನು ಹಿಂದಕ್ಕೆ ತಳ್ಳಿ ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ. ಕ್ಲಚ್ ಹಿಡಿಯುವುದಾಗಲಿ ಗೇರ್ ಹಾಕುವುದಾಗಲಿ ಇಲ್ಲ, ನಮ್ಮ ಸ್ಕೂಟರಿನ ಹಾಗೆ. ಬ್ರೇಕ್ ಎಡಗೈಯಲ್ಲಿ. ಇಬ್ಬರು ಕೂರುವ ಗಾಡಿ ಸುಮಾರು 250ರಿಂದ 300 ಕೆಜಿ ತೂಗುತ್ತದೆ, ಅಂದರೆ ಬುಲೆಟ್‌ಗಿಂತ ಎಷ್ಟೋ ಭಾರ. ಫಿನ್‌ಲ್ಯಾಂಡಿನವರು ಇದನ್ನು ‘ಮೋಟ್ಟೊರಿಕೆಲ್ಕ’ ಅನ್ನುತ್ತಾರೆ, ಮೋಟಾರು ಜಾರುಬಂಡಿ ಅಂತಲೇ ಅರ್ಥ.

ಈಗ ಮುಖ್ಯ ವಿಷಯ. ಇದರ ಆಕ್ಸಿಲರೇಟರ್ ತಿರುಚುವ ಹಿಡಿ ಅಲ್ಲ. ಬಲಗೈ ಹೆಬ್ಬೆರಳಿನಿಂದ ಒತ್ತುವ ಒಂದು ಚಿಕ್ಕ ಲಿವರ್. ಗಾಬರಿಯಾದಾಗ ನಾವು ಏನು ಮಾಡುತ್ತೇವೆ? ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ. ಹಾಗೆ ಹಿಡಿದ ಕೂಡಲೇ ಹೆಬ್ಬೆರಳೂ ಒತ್ತುತ್ತದೆ, ನಿಲ್ಲಬೇಕಾದ ಗಾಡಿ ಇನ್ನೂ ಜೋರಾಗಿ ನುಗ್ಗುತ್ತದೆ. ಹೊಸಬರು ದಾರಿ ಬಿಟ್ಟು ಮರದ ಕಡೆ ಹೋಗುವುದು ಎಷ್ಟೋ ಸಲ ಹೀಗೇ. ಆದ್ದರಿಂದ ಹೊರಡುವ ಮೊದಲು, ಎಂಜಿನ್ ಆಫ್ ಇರುವಾಗಲೇ, ಹೆಬ್ಬೆರಳನ್ನು ಲಿವರ್‌ನಿಂದ ಪೂರ್ತಿ ಎತ್ತಿ ಹಿಡಿಯ ಕೆಳಗೆ ತರುವುದನ್ನು ಇಪ್ಪತ್ತು ಸಲ ಮಾಡಿ ನೋಡಿ. ಪಕ್ಕದವರು ನೋಡಿದರೆ ನೋಡಲಿ. ಜೊತೆಗೆ ಒಂದು ಸುರುಳಿ ಹಗ್ಗ ಕೊಡುತ್ತಾರೆ, ಒಂದು ತುದಿ ನಿಮ್ಮ ಬಟ್ಟೆಗೆ ಅಥವಾ ಮಣಿಕಟ್ಟಿಗೆ, ಇನ್ನೊಂದು ಗಾಡಿಗೆ. ನೀವು ಕೆಳಗೆ ಬಿದ್ದರೆ ಅದು ಕಿತ್ತುಕೊಂಡು ಎಂಜಿನ್ ನಿಲ್ಲುತ್ತದೆ. ಫೋಟೊ ತೆಗೆಯಲು ಇಳಿದು ಮತ್ತೆ ಹತ್ತಿದಾಗ ಅದನ್ನು ಸಿಕ್ಕಿಸಿಕೊಳ್ಳಲು ಮರೆಯುವವರು ಜಾಸ್ತಿ. ನೀವು ಮರೆಯಬೇಡಿ.

ಎರಡನೆಯದು ತಿರುವು. ಬೈಕಿನಲ್ಲಿ ಮೈ ವಾಲಿಸಿದರೆ ಗಾಡಿಯೂ ವಾಲುತ್ತದೆ, ತಾನಾಗಿ ತಿರುಗುತ್ತದೆ. ಸ್ನೋಮೊಬೈಲ್ ಹಾಗೆ ಸುಲಭವಾಗಿ ವಾಲುವುದಿಲ್ಲ. ಹ್ಯಾಂಡಲ್ ತಿರುಗಿಸಿಯೇ ತಿರುಗಿಸಬೇಕು, ಜೊತೆಗೆ ಮೈಯನ್ನು ತಿರುವಿನ ಒಳಕ್ಕೆ ಹಾಕಬೇಕು, ಇಲ್ಲದಿದ್ದರೆ ಒಳಗಿನ ಸ್ಕೀ ಮೇಲೇಳುತ್ತದೆ. ತಿರುವಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಕೊಟ್ಟರೆ ತೂಕವೆಲ್ಲ ಹಿಂದಿನ ಪಟ್ಟಿಯ ಮೇಲೆ ಬೀಳುತ್ತದೆ, ಮುಂದಿನ ಸ್ಕೀಗಳು ಹಿಮವನ್ನು ಕಚ್ಚುವುದಿಲ್ಲ, ನೀವು ಹ್ಯಾಂಡಲ್ ಎಷ್ಟೇ ತಿರುಗಿಸಿದರೂ ಗಾಡಿ ಸೀದಾ ಹೋಗುತ್ತಲೇ ಇರುತ್ತದೆ. ನನಗೆ ಎರಡನೇ ತಿರುವಿನಲ್ಲೇ ಹೀಗಾಯಿತು. ಪೈನ್ ಮರಗಳ ನಡುವಿನ ದಾರಿ, ಎಡಕ್ಕೆ ತಿರುವು, ಹ್ಯಾಂಡಲ್ ಎಡಕ್ಕಿದೆ, ಗಾಡಿ ಮಾತ್ರ ನೇರವಾಗಿ ದಾರಿಯ ಅಂಚು ದಾಟಿ ಸೊಂಟದವರೆಗಿನ ಮೆತ್ತನೆ ಹಿಮದೊಳಗೆ ಮೂಗು ತೂರಿಸಿ ನಿಂತಿತು. ಏಟಾಗಲಿಲ್ಲ. ಎಳೆಯಲು ಇಳಿದರೆ ಕಾಲು ತೊಡೆಯವರೆಗೆ ಹೂತುಹೋಯಿತು. ಗೈಡ್ ಬಂದು ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಸುತ್ತಲಿನ ಹಿಮವನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿ, ಐದು ನಿಮಿಷದಲ್ಲಿ ಗಾಡಿಯನ್ನು ಹೊರಗೆ ತಂದರು. ಹೂತುಕೊಂಡರೆ ಸುಮ್ನೆ ಎಂಜಿನ್ ಆಫ್ ಮಾಡಿ ಕಾಯಿರಿ. 300 ಕೆಜಿ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರೆ ಉಳಿದ ಸ್ಕೀ ದಿನಗಳೂ ಹೋದ ಹಾಗೆ.

ಹಾಗಾಗಿ ವೇಗವನ್ನು ತಿರುವಿಗೆ ಮುಂಚೆಯೇ ಇಳಿಸಿ. ಒಳಗೆ ಹೋದ ಮೇಲೆ ಸ್ವಲ್ಪವೇ ಕೊಡುತ್ತಾ ಹೊರಗೆ ಬನ್ನಿ.

ಇನ್ನು ಕಾಲು. ಬೈಕ್ ಅಲ್ಲಾಡಿದರೆ ನಮ್ಮ ಕಾಲು ತಾನಾಗಿ ಕೆಳಗೆ ಹೋಗುತ್ತದೆ, 12 ವರ್ಷದ ಅಭ್ಯಾಸ ಅಲ್ವಾ. ಇಲ್ಲಿ ಅದು ಅಪಾಯ. ಗಾಡಿ ಬೀಳದೆ ತಾನಾಗಿಯೇ ನೆಟ್ಟಗಿರುತ್ತದೆ, ನಿಮ್ಮ ಆಸರೆ ಅದಕ್ಕೆ ಬೇಕಿಲ್ಲ. ಚಲಿಸುವಾಗ ಹೊರಗಿಟ್ಟ ಕಾಲು ಹಿಮದಲ್ಲಿ ಸಿಕ್ಕಿಕೊಂಡು ಮಂಡಿ ತಿರುಚುತ್ತದೆ. ಪಾದ ಎರಡೂ ಸದಾ ಫುಟ್‌ಬೋರ್ಡಿನ ಮೇಲೆ.

ಲೈಸೆನ್ಸ್ ಬಗ್ಗೆ. ಫಿನ್‌ಲ್ಯಾಂಡಿನಲ್ಲಿ ಸ್ನೋಮೊಬೈಲ್ ಓಡಿಸಲು ಡ್ರೈವಿಂಗ್ ಲೈಸೆನ್ಸ್ ಬೇಕು. ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಕಾರಿನ ಲೈಸೆನ್ಸ್ ಮತ್ತು 18 ವರ್ಷ ಕೇಳುತ್ತಾರೆ. ನಿಮ್ಮದರಲ್ಲಿ ಬೈಕ್ ಮಾತ್ರ ಇದ್ದರೆ ಬುಕ್ ಮಾಡುವ ಮೊದಲೇ ಬರೆದು ಕೇಳಿ. ಕಾರ್ಡನ್ನೇ ತೆಗೆದುಕೊಂಡು ಹೋಗಿ, ಫೋನಿನಲ್ಲಿರುವ ಫೋಟೊ ನಂಬಬೇಡಿ. ಭಾರತದ ಲೈಸೆನ್ಸ್ ಆದರೆ ಆರ್‌ಟಿಒದಲ್ಲಿ ಸಿಗುವ ಅಂತರರಾಷ್ಟ್ರೀಯ ಪರ್ಮಿಟ್ ಕೂಡ ಮಾಡಿಸಿಟ್ಟುಕೊಳ್ಳಿ.

ದುಡ್ಡಿನ ವಿಷಯದಲ್ಲಿ ಎಲ್ಲರೂ ಓದದೆ ಸಹಿ ಹಾಕುವ ಒಂದು ಕಾಗದವಿದೆ. ಗಾಡಿಗೆ ಪೆಟ್ಟಾದರೆ ಇಂತಿಷ್ಟು ಯೂರೋವರೆಗೆ ಓಡಿಸಿದವರೇ ಕೊಡಬೇಕು ಅಂತ ಅದರಲ್ಲಿರುತ್ತದೆ, ಮೊತ್ತ ಸಣ್ಣದಲ್ಲ. ಸ್ವಲ್ಪ ಹೆಚ್ಚಿಗೆ ಕೊಟ್ಟು ಅದನ್ನು ಕಡಿಮೆ ಮಾಡಿಸಿಕೊಳ್ಳುವ ಅವಕಾಶ ಹಲವು ಕಡೆ ಇದೆ, ಮೊದಲ ಸಲ ಓಡಿಸುವವರು ಅದನ್ನು ತೆಗೆದುಕೊಳ್ಳುವುದೇ ವಾಸಿ. ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಸ್ಕೀ ಒಪ್ಪಿಕೊಂಡಿದೆ ಅಂದಮಾತ್ರಕ್ಕೆ ಸ್ನೋಮೊಬೈಲ್ ಒಪ್ಪಿಕೊಂಡಿದೆ ಅಂತಲ್ಲ. ಪಾಲಿಸಿಯಲ್ಲಿ ಆ ಪದವನ್ನು ಹುಡುಕಿ ನೋಡಿ.

ಚಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಲೆವಿ ಇರುವುದು ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕೆ. ಮಾರ್ಚ್ ಒಳ್ಳೆಯ ತಿಂಗಳು, ಬೆಳಕು ಚೆನ್ನಾಗಿರುತ್ತದೆ, ಆದರೂ ಬೆಳಿಗ್ಗೆ ಮೈನಸ್ 10 ಡಿಗ್ರಿ ಇದ್ದರೆ ಆಶ್ಚರ್ಯವಿಲ್ಲ. ಅದರಲ್ಲಿ 40 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಅದು ಮೈನಸ್ 21ರಂತೆ ತಾಗುತ್ತದೆ. ದಪ್ಪ ಮೇಲುಡುಪು, ಬೂಟು, ಗ್ಲೌಸ್, ಹೆಲ್ಮೆಟ್ ಅವರೇ ಕೊಡುತ್ತಾರೆ. ಹ್ಯಾಂಡಲಿನ ಹಿಡಿ ಬಿಸಿಯಾಗುವ ವ್ಯವಸ್ಥೆಯೂ ಇರುತ್ತದೆ, ಒಂದು ಸ್ವಿಚ್ ಒತ್ತಿದರೆ ಸ್ವಲ್ಪ ಹೊತ್ತಿಗೆ ಅಂಗೈ ಬೆಚ್ಚಗಾಗುವುದು ನಿಜಕ್ಕೂ ಹಿತ. ಒಳಗೆ ಹತ್ತಿ ಬಟ್ಟೆ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಉಣ್ಣೆ ಹಾಕಿ. ಕನ್ನಡಕ ಹಾಕುವವರಿಗೆ ಹೆಲ್ಮೆಟ್‌ನೊಳಗೆ ಉಸಿರಿನ ಮಂಜು ಕಟ್ಟುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಆ ದಿನಕ್ಕೆ ಅದೇ ಸರಿ.

ಎಷ್ಟು ಹೊತ್ತಿನ ಸವಾರಿ? ಎರಡು ಗಂಟೆ ಸಾಕು. ಫಿನ್‌ಲ್ಯಾಂಡಿನ ಕಾಡಿನ ದಾರಿಯಲ್ಲಿ ವೇಗದ ಮಿತಿ 60 ಕಿ.ಮೀ., ಹೆಪ್ಪುಗಟ್ಟಿದ ಕೆರೆಯ ಮೇಲೆ 80. ಆದರೆ ಹೊಸಬರ ಗುಂಪು ಅದರ ಅರ್ಧ ವೇಗದಲ್ಲೇ ಹೋಗುತ್ತದೆ, ಅದೇ ಚೆನ್ನ. ನಡುವೆ ಹಿಮಸಾರಂಗಗಳು ದಾರಿಗೆ ಬರಬಹುದು. ಅವು ಕಾಡುಪ್ರಾಣಿಗಳಲ್ಲ, ಸಾಕುವವರ ಆಸ್ತಿ. ನಿಧಾನ ಮಾಡಿ, ಅವು ಪಕ್ಕಕ್ಕೆ ಹೋಗುವವರೆಗೆ ಕಾಯಿರಿ. ಹಿಂಬಾಲಿಸಿದರೆ ಚಳಿಗಾಲದಲ್ಲಿ ಉಳಿಸಿಕೊಂಡ ಶಕ್ತಿಯನ್ನೆಲ್ಲ ಓಡಿಯೇ ಕಳೆದುಕೊಳ್ಳುತ್ತವೆ. ಅವನ್ನು ಸಾಕುವವರಿಗೆ ಈ ಗಾಡಿ ಮೋಜಿನದಲ್ಲ, ದಿನದ ಕೆಲಸದ್ದು. ಅದರ ಹುಟ್ಟೂ ಮೋಜಿಗಾಗಿ ಆದದ್ದಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ 1934ರ ಚಳಿಗಾಲದಲ್ಲಿ ತನ್ನ ಎರಡು ವರ್ಷದ ಮಗನನ್ನು ಕಳೆದುಕೊಂಡರು. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲು ಆಗಲಿಲ್ಲ. ಹಿಮದ ಮೇಲೆ ಓಡುವ ಗಾಡಿಗಾಗಿ ಅವರು ಮೊದಲೇ ಪಟ್ಟ ಪ್ರಯತ್ನ ಆಮೇಲೂ ಮುಂದುವರಿಯಿತು, ಮೊದಲು ಬಂದದ್ದು ಏಳು ಜನ ಕೂರುವ ದೊಡ್ಡ ಗಾಡಿ, ಒಬ್ಬಿಬ್ಬರು ಕೂರುವ ಸ್ಕೀ-ಡೂ ಬಂದದ್ದು 1959ರಲ್ಲಿ.

ಮುಂದಿನ ಸಲ ಆಲ್ಪ್ಸ್‌ಗೆ ಹೋದರೆ ಇದೇ ಅನುಭವ ಸಿಗುತ್ತದೆ ಅಂದುಕೊಳ್ಳಬೇಡಿ. ಫ್ರಾನ್ಸಿನಲ್ಲಿ 1991ರ ಕಾನೂನಿನ ಪ್ರಕಾರ ಕಾಡು, ಬೆಟ್ಟಗಳಲ್ಲಿ ಮೋಜಿಗಾಗಿ ಸ್ನೋಮೊಬೈಲ್ ಓಡಿಸುವಂತಿಲ್ಲ, ಅನುಮತಿ ಇರುವ ಜಾಗದಲ್ಲಿ ಮಾತ್ರ. ನಾರ್ವೆಯಲ್ಲೂ ನಿಯಮ ಬಿಗಿ. ನಮ್ಮ ಕಾಶ್ಮೀರದ ಗುಲ್ಮಾರ್ಗ್, ಮನಾಲಿ ಹತ್ತಿರದ ಸೋಲಂಗ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಒಂದು ಚಿಕ್ಕ ಸುತ್ತು, ಸ್ಥಳೀಯ ಚಾಲಕರ ಜೊತೆಗೆ. ಹತ್ತುವ ಮುಂಚೆಯೇ ಎಷ್ಟು ದೂರಕ್ಕೆ ಎಷ್ಟು ದುಡ್ಡು ಅಂತ ಮಾತಾಡಿಕೊಂಡುಬಿಡಿ.

ನಿಮ್ಮ ವಾರದಲ್ಲಿ ಇದನ್ನು ನಾಲ್ಕನೇ ದಿನಕ್ಕೆ ಇಡಿ. ಮೂರು ದಿನ ಸ್ಕೀ ಕಲಿತ ತೊಡೆಗಳು ಅಷ್ಟೊತ್ತಿಗೆ ಸಾಕು ಸಾಕು ಅನ್ನುತ್ತಿರುತ್ತವೆ, ಇಲ್ಲಿ ದುಡಿಯುವುದು ಭುಜ ಮತ್ತು ಆ ಹೆಬ್ಬೆರಳು. ಮಗಳನ್ನು ಗೈಡ್‌ನ ಸ್ನೋಮೊಬೈಲ್ ಎಳೆಯುವ ಜಾರುಬಂಡಿಯಲ್ಲಿ ಕಂಬಳಿ ಹೊದಿಸಿ ಕೂರಿಸುತ್ತಾರೆ. ಹಿಂದಿನ ಸೀಟಿಗೆ ಸಾಮಾನ್ಯವಾಗಿ 140 ಸೆಂ.ಮೀ. ಎತ್ತರ ಕೇಳುತ್ತಾರೆ. ಅವಳಿಗೆ ಒಬ್ಬಳೇ ಕೂರಲು ಭಯವಾದರೆ ನಿಮ್ಮಲ್ಲೊಬ್ಬರು ಜೊತೆಗೆ ಕೂರಬಹುದಾ ಅಂತ ಮೊದಲೇ ಕೇಳಿಡಿ. ಅರ್ಧ ದಾರಿಯಲ್ಲಿ ಬೆಂಕಿ ಹಾಕಿ ಬಿಸಿ ಬಿಸಿ ಬೆರ್ರಿ ಹಣ್ಣಿನ ರಸ ಕೊಡುವುದು ಅಲ್ಲಿನ ರೂಢಿ, ಜೊತೆಗೆ ಸುಟ್ಟ ಸಾಸೇಜ್ ಇರಬಹುದು, ಮಾಂಸ ತಿನ್ನದವರು ಬುಕ್ ಮಾಡುವಾಗಲೇ ಹೇಳಿ. ಓಡಿಸುವವರು ಸೀಟು ಬದಲಿಸುವುದೂ ಅಲ್ಲೇ. ಹಾಗಾಗಿ ನಿಮ್ಮ ಹೆಂಡತಿಯ ಲೈಸೆನ್ಸ್ ಕಾರ್ಡನ್ನೂ ಮರೆಯದೆ ಬ್ಯಾಗಿಗೆ ಹಾಕಿಕೊಳ್ಳಿ, ವಾಪಸ್ ದಾರಿ ಅವರದ್ದು.