ಜಿಲೇಬಿ ಬಣ್ಣ ಮೇಣಕ್ಕಲ್ಲ

ನಾನು ಕ್ಯಾಂಡಲ್ ಮಾಡುವುದನ್ನು ಹೇಳಿಕೊಡುವವಳು. ದೀಪಾವಳಿ ಹತ್ತಿರ ಬಂತು ಅಂದರೆ, ಮನೆಯಲ್ಲಿ ಮಾಡಿದ ಕ್ಯಾಂಡಲ್ ಫೋಟೊಗಳು ನನ್ನ ಫೋನಿಗೆ ಬರೋಕೆ ಶುರು. ಕಳಿಸುವವರು ಬೇರೆ ಬೇರೆ, ಕ್ಯಾಂಡಲ್ ಮಾತ್ರ ಅದೇ. ಮೇಲೆ ಬೆಳ್ಳಗೆ, ನಡುವೆ ಅಲ್ಲಲ್ಲಿ ಚುಕ್ಕೆ, ತಳದಲ್ಲಿ ಕೆಂಪು ಗಸಿ. ಪ್ರಶ್ನೆಯೂ ಅದೇ: "ಇನ್ನೊಂಚೂರು ಕಲರ್ ಜಾಸ್ತಿ ಹಾಕ್ಬೇಕಿತ್ತಾ ಮೇಡಂ?"

ಬೇಡ. ಎಷ್ಟು ಹಾಕಿದಿರಿ ಅನ್ನುವುದು ಆಮೇಲಿನ ಮಾತು. ಏನು ಹಾಕಿದಿರಿ, ಅದು ಮೇಣದಲ್ಲಿ ಕರಗಿತಾ? ಮೊದಲು ಅದನ್ನು ಹೇಳಿ.

ಮೇಣ ಎಣ್ಣೆಯ ಜಾತಿ. ಪ್ಯಾರಾಫಿನ್ ಬರುವುದು ಪೆಟ್ರೋಲಿಯಂನಿಂದ, ಸೋಯಾ ಮೇಣ ಸೋಯಾ ಎಣ್ಣೆಯಿಂದ. ಜಿಲೇಬಿಗೂ ಕೇಸರಿಬಾತಿಗೂ ಹಾಕುವ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಥರದ ಬಣ್ಣಗಳು ನೀರಿನಲ್ಲಿ ಕರಗುವಂಥವು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಬೇರೆಯಾಗಿ ನಿಲ್ಲುವ ಹಾಗೆ ಇವೂ ಮೇಣದ ಜೊತೆ ಸೇರುವುದಿಲ್ಲ. ದ್ರವರೂಪದ ಫುಡ್ ಕಲರ್ ಆದರೆ ಇನ್ನೊಂದು ತಾಪತ್ರಯ. ಮೇಣ ವಿಪರೀತ ಕಾದಿದ್ದರೆ, ಅದಕ್ಕೆ ಬಿದ್ದ ಈ ಕಲರಿನ ನೀರು ಚಟಪಟ ಸಿಡಿಯುತ್ತದೆ. ಕೈಗೆ, ಕಣ್ಣಿಗೆ ಅಪಾಯ.

ಜನ ಮೋಸಹೋಗುವುದು ಎಲ್ಲಿ ಅಂದರೆ, ಕಲಕುತ್ತಿರುವಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪಾತ್ರೆ ತುಂಬ ಒಂದೇ ಬಣ್ಣ. ಚಮಚ ಎತ್ತಿದ ಮೇಲೆ ಪುಡಿ ಮೆಲ್ಲಗೆ ಕೆಳಗಿಳಿಯುತ್ತದೆ. ಅದಕ್ಕೇ ನನ್ನ ತರಗತಿಯಲ್ಲಿ ಒಂದು ಕೆಲಸ ಕಡ್ಡಾಯ. ಕಲಕುವುದನ್ನು ನಿಲ್ಲಿಸಿ. ಎರಡು ನಿಮಿಷ ಸುಮ್ನೆ ಬಿಡಿ. ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಸ್ವಲ್ಪ ಓರೆ ಮಾಡಿ, ಮೊಬೈಲ್ ಟಾರ್ಚ್ ಬಿಟ್ಟು ತಳ ನೋಡಿ. ಮೂಲೆಯಲ್ಲಿ ಪುಡಿ ಕೂತಿದ್ದರೆ, ಅಂಚಿನಲ್ಲಿ ಬಣ್ಣದ ಹನಿ ಉರುಳುತ್ತಿದ್ದರೆ ಅಚ್ಚಿಗೆ ಸುರಿಯಬೇಡಿ. ಪಾತ್ರೆಯಲ್ಲಿ ಕರಗದ್ದು ಅಚ್ಚಿನಲ್ಲಿ ಕರಗುವುದಿಲ್ಲ.

"ಮಕ್ಕಳ ಕ್ರೇಯಾನ್ ಹಾಕಿದೆ, ಪೂರ್ತಿ ಕರಗ್ತು" ಅನ್ನುವವರೂ ಇದ್ದಾರೆ. ಕರಗಿದ್ದು ಕ್ರೇಯಾನಿನೊಳಗಿನ ಮೇಣ ಕಣ್ರೀ, ಬಣ್ಣವಲ್ಲ. ಅದರ ಪಿಗ್ಮೆಂಟು, ಅಂದರೆ ಕರಗದ ಬಣ್ಣದ ಪುಡಿ, ಸಣ್ಣ ಸಣ್ಣ ಕಣವಾಗಿಯೇ ಉಳಿಯುತ್ತದೆ. ಉರಿಯುವಾಗ ಮೇಣದ ಜೊತೆ ಬತ್ತಿಯೊಳಗೆ ಏರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜ್ವಾಲೆ ಕುಗ್ಗುತ್ತದೆ, ಹಲವು ಸಲ ಆರಿಯೇ ಹೋಗುತ್ತದೆ. ರಂಗೋಲಿ ಪುಡಿ, ಕುಂಕುಮ, ಮಿನುಗುವ ಮೈಕಾ ಪುಡಿ, ಎಲ್ಲದರದ್ದೂ ಇದೇ ಕಥೆ.

ರಿಟೈರ್ ಆದ ಕೆಮಿಸ್ಟ್ರಿ ಟೀಚರ್ ಒಬ್ಬರು ತರಗತಿಗೆ ಬರುತ್ತಿದ್ದರು. ನಾನು ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ, "ಅಲ್ಲಮ್ಮ, ಒಗ್ಗರಣೆಯಲ್ಲಿ ಅರಿಶಿನ ಎಣ್ಣೆಗೆ ಬಣ್ಣ ಬಿಡುತ್ತಲ್ವಾ?" ಅಂದರು. ಬಿಡುತ್ತದೆ! ನನಗೆ ಖುಷಿಯಾಗಿ ಹೋಯಿತು. ಅಲ್ಲೇ ಪ್ಯಾರಾಫಿನ್‌ಗೆ ಅರಿಶಿನ ಹಾಕಿ ನೋಡಿದೆವು. ತಿಳಿಹಳದಿ ಬಂತು, ಪುಡಿಯೆಲ್ಲ ತಳಕ್ಕೆ ಕೂತಿತು. ಬಟ್ಟೆಯಲ್ಲಿ ಸೋಸಿದರೆ ಮೇಣ ಉಪಯೋಗಕ್ಕೆ ಬರುತ್ತದೆ. ಆದರೆ ಅರಿಶಿನದ ಬಣ್ಣ ಬೆಳಕಿಗೆ ತಡೆಯುವುದಿಲ್ಲ. ಅವರು ಕಿಟಕಿಯಲ್ಲಿಟ್ಟ ಕ್ಯಾಂಡಲ್ ಬೇಗ ಬಿಳುಚಿಕೊಂಡಿತು. ಅದರ ಫೋಟೊ ಕಳಿಸಿ, "ಪ್ರಯೋಗ ಪೂರ್ಣ" ಅಂತ ಬರೆದಿದ್ದರು. ಇಂಥ ವಿದ್ಯಾರ್ಥಿಗಳು ಸಿಕ್ಕರೆ ಎಷ್ಟು ಬೈದರೂ ಸುಸ್ತಾಗೋದಿಲ್ಲ.

ಬೇಕಾದದ್ದು ಎಣ್ಣೆಯಲ್ಲಿ ಕರಗುವ ಕ್ಯಾಂಡಲ್ ಡೈ. ಚಿಪ್ಸ್, ಪುಡಿ, ದ್ರವ, ಮೂರೂ ಸಿಗುತ್ತವೆ. ಹೊಸಬರಿಗೆ ದ್ರವ ಅಥವಾ ಚಿಪ್ಸ್ ಸಲೀಸು. ಪುಡಿ ತುಂಬ ಕಡಕ್ಕು. ಕಿಲೋ ಮೇಣಕ್ಕೆ ಒಂದು ಗ್ರಾಂ ಹಾಕಿದರೂ ಹಲವು ಬಣ್ಣಗಳು ಗಾಢವಾಗಿಬಿಡುತ್ತವೆ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುವುದರಿಂದ ಪ್ಯಾಕೆಟ್ ಮೇಲಿನ ಅಳತೆಯನ್ನೇ ನಂಬಿ. ಚಿಟಿಕೆ ಲೆಕ್ಕ ಬೇಡ, ತೂಕ ಮಾಡಿ. ಇಲ್ಲದಿದ್ದರೆ ಇವತ್ತಿನ ಕೆಂಪೇ ಬೇರೆ, ನಾಳೆಯ ಕೆಂಪೇ ಬೇರೆ.

ಡೈ ಸರಿಯಿದ್ದರೂ ಬಿಸಿ ಸಾಲದೆ ಚುಕ್ಕೆ ಬರುವುದುಂಟು. ಮೇಣ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ಕರಗಿ ನೀರಾಗುತ್ತದೆ. ಆಗಲೇ ಡೈ ಹಾಕುವ ಅವಸರ ಬೇಡ. ಸಾಮಾನ್ಯವಾಗಿ 80ರ ಆಸುಪಾಸಿಗೆ ಬರಲಿ. ಥರ್ಮಾಮೀಟರ್ ಇರಲಿ. ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟೇ ಕಾಯಿಸಿ, ನೇರ ಉರಿಯ ಮೇಲೆ ಬೇಡ. ಪುಡಿಯನ್ನು ಒಟ್ಟು ಮೇಣಕ್ಕೆ ಸುರಿಯುವ ಬದಲು, ಒಂದು ಸೌಟು ಬಿಸಿ ಮೇಣದಲ್ಲೋ ಕರಗಿಸಿದ ಸ್ಟಿಯರಿಕ್ ಆಸಿಡ್‌ನಲ್ಲೋ (ಕ್ಯಾಂಡಲ್ ಮೇಣಕ್ಕೆ ಬೆರೆಸುವ, ಮೇಣದಂಥದೇ ಕೊಬ್ಬಿನಾಮ್ಲ) ಮೊದಲು ಕರಗಿಸಿ. ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ ಆಮೇಲೆ ಉಳಿದ ಮೇಣಕ್ಕೆ ಸೇರಿಸಿ. ಪಾತ್ರೆಯ ತಳ ಕೆರೆಯುವ ಹಾಗೆ ನಿಧಾನವಾಗಿ ಕಲಕಿ. ಬಿರುಸಾಗಿ ಕಲಕಿದರೆ ಗುಳ್ಳೆ ಬರುತ್ತವೆ.

ಪಾತ್ರೆಯಲ್ಲಿ ಕಾಣುವ ಬಣ್ಣವನ್ನು ನೋಡಿ ಹಿಗ್ಗಬೇಡಿ, ಗಾಬರಿಯೂ ಬೇಡ. ಗಟ್ಟಿಯಾದ ಮೇಲೆ ಮೇಣ ಬೆಳ್ಳಗಾಗುವುದರಿಂದ ಬಣ್ಣ ತಿಳಿಯಾಗುತ್ತದೆ. ಬಿಳಿ ಹಾಳೆಯ ಮೇಲೆ ಒಂದು ಹನಿ ಬಿಟ್ಟು, ಆರಿದ ಮೇಲೆ ನೋಡಿ ತೀರ್ಮಾನಿಸಿ. ಸೋಯಾ ಮೇಣದಲ್ಲಿ ಕಡುಬಣ್ಣಕ್ಕೆ ಹಟ ಹಿಡಿಯಬೇಡಿ. ಅದು ಆರುವಾಗ ಮೇಲೆ ಬಿಳಿ ಬೂದಿಯಂಥ ಹರಳು ಮೂಡಿಸುವುದು ಅದರ ಗುಣ. ನಸುಗುಲಾಬಿಯಲ್ಲಿ ಅದು ಕಾಣುವುದೇ ಇಲ್ಲ, ಮರೂನಿನಲ್ಲಿ ಎದ್ದು ಕಾಣುತ್ತದೆ.

ಸುರಿದ ಮೇಲೆ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಫ್ರಿಜ್ಜಿನ ಕಡೆ ಹೋಗಲೇಬೇಡಿ. ಒಂದು ಬದಿ ಬೇಗ, ಇನ್ನೊಂದು ಬದಿ ತಡವಾಗಿ ಆರಿದರೆ ಪಟ್ಟೆ ಬೀಳಬಹುದು, ಬಿರುಕೂ ಬಿಡಬಹುದು. ವೆನಿಲಾ ಪರಿಮಳ ಹಾಕಿದ ಬಿಳಿ ಕ್ಯಾಂಡಲ್ ದಿನ ಕಳೆದಂತೆ ಕಂದಾದರೆ ಅದು ಆ ಪರಿಮಳದೊಳಗಿನ ವೆನಿಲಿನ್ ಕೆಲಸ, ಡೈಯನ್ನು ಬೈಯಬೇಡಿ.

ಇಷ್ಟಾದರೂ ಕಡುಗೆಂಪೇ ಬೇಕು ಅನ್ನುವವರು ಅಂಗಡಿಯ ಕೆಂಪು ಕ್ಯಾಂಡಲ್ ಒಂದನ್ನು ಮುರಿದು ನೋಡಿ. ಎಷ್ಟೋ ಸಲ ಒಳಗೆ ಪೂರ್ತಿ ಬಿಳಿ ಇರುತ್ತದೆ. ಬಿಳಿ ಕ್ಯಾಂಡಲ್ ಮಾಡಿ, ಗಾಢ ಬಣ್ಣದ ಬಿಸಿ ಮೇಣದಲ್ಲಿ ಅದ್ದಿ ತೆಗೆದಿರುತ್ತಾರೆ. ಡೈ ಖರ್ಚು ಉಳಿಯುತ್ತದೆ, ಬತ್ತಿಯ ಸುತ್ತ ಬಿಳಿ ಮೇಣವೇ ಇರುತ್ತದೆ. ಬತ್ತಿಯ ತುದಿ ಹಿಡಿದು ನೆಟ್ಟಗೆ ಅದ್ದಿ, ಎರಡು ಮೂರು ಸೆಕೆಂಡಿಗೆ ತಡೆಯದೆ ಎತ್ತಿ. ಪದರ ಆರಿದ ಮೇಲೆ ಇನ್ನೊಮ್ಮೆ. ಒಳಗೇ ಹೆಚ್ಚು ಹೊತ್ತು ಬಿಟ್ಟರೆ ಹಿಂದಿನ ಪದರವೂ ಕರಗಿಬಿಡುತ್ತದೆ.