ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆ

ಶಿಡ್ಲಘಟ್ಟದ ಮೆಡಿಕಲ್ ಸ್ಟೋರ್ ಒಂದರ ಮುಂದೆ ಸಂಜೆ ಹೊತ್ತು ನಿಂತರೆ “ಸದ್ಯಕ್ಕೆ ನಾಲ್ಕೇ ಮಾತ್ರೆ ಕೊಡಣ್ಣ” ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ವೈದ್ಯರು ಬರೆದಿರುವುದು ತಿಂಗಳಿಗೆ, ರೇಷ್ಮೆ ನೂಲು ತೆಗೆಯುವ ಕೂಲಿಯವರ ಕೈಯಲ್ಲಿರುವುದು ನಾಲ್ಕು ದಿನದ ದುಡ್ಡು. ಅಂಗಡಿಯವರು ಸ್ಟ್ರಿಪ್ ಕತ್ತರಿಸುತ್ತಾರೆ. ಅವಧಿ ಮುಗಿಯುವ ದಿನಾಂಕ ಅಚ್ಚಾದ ತುದಿ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುತ್ತದೆ. ಚೀಟಿ ಬರೆದ ವೈದ್ಯರಿಗೆ ಕಾಣದ ಈ ಕೊರತೆಯನ್ನು ಕಣ್ಣಾರೆ ನೋಡುವವರು ಫಾರ್ಮಸಿಸ್ಟ್.

ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಪ್ರಮಾಣ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು. ಆದ್ದರಿಂದ ಮಾತ್ರೆ ತಪ್ಪಿದ ಮರುದಿನ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ, ಆಮೇಲೆ ಒತ್ತಡ ಮೆಲ್ಲಗೆ ಏರಿದಾಗಲೂ ಹೆಚ್ಚಿನವರಿಗೆ ತಲೆನೋವು ಕೂಡ ಬರುವುದಿಲ್ಲ. ಚೀಟಿಯಲ್ಲಿ ಐದು ಔಷಧಿಗಳಿದ್ದು ಎರಡಕ್ಕೆ ಮಾತ್ರ ದುಡ್ಡಿದ್ದರೆ, ಜನ ಶಕ್ತಿಯ ಟಾನಿಕ್ ಕೊಂಡು ಬಿ.ಪಿ. ಮಾತ್ರೆ ಬಿಡುವುದುಂಟು. ಯಾವುದನ್ನು ಬಿಡಬಾರದೆಂದು ಅಲ್ಲಿಯೇ ಹೇಳುವುದು, ಬೇಕಾದರೆ ವೈದ್ಯರಿಗೆ ಫೋನ್ ಮಾಡಿ ಕೇಳುವುದು ಮಾತ್ರೆ ಎಣಿಸಿ ಕೊಡುವುದಕ್ಕಿಂತ ದೊಡ್ಡ ಕೆಲಸ.

ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ ಎಂದು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದರು. ಔಷಧಿ ಅಂಗಡಿ ಈ ಮಾತಿಗೆ ಅಪವಾದವೆಂದು ಇಂಗ್ಲೆಂಡಿನ 2014ರ ಅಧ್ಯಯನವೊಂದು ತೋರಿಸಿತು: ಅಲ್ಲಿನ ಶೇ 89ರಷ್ಟು ಜನರಿಗೆ 20 ನಿಮಿಷದ ನಡಿಗೆಯೊಳಗೆ ಔಷಧಿ ಅಂಗಡಿಯಿದ್ದರೆ, ತೀರಾ ಬಡ ಪ್ರದೇಶಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇತ್ತು.

ಹತ್ತಿರವಿದ್ದರೆ ಸಾಕೇ? ಲಾಸ್ ಏಂಜಲೀಸ್‌ನ 52 ಕ್ಷೌರದಂಗಡಿಗಳಲ್ಲಿ ರಕ್ತದೊತ್ತಡವಿದ್ದ 319 ಕಪ್ಪು ಗಂಡಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಅರ್ಧದಷ್ಟು ಅಂಗಡಿಗಳಲ್ಲಿ ಕ್ಷೌರಿಕರು ವೈದ್ಯರನ್ನು ಕಾಣುವಂತೆ ಹೇಳಿ ಕಳಿಸಿದರು. ಉಳಿದವುಗಳಿಗೆ ಫಾರ್ಮಸಿಸ್ಟರೇ ಬಂದು, ವೈದ್ಯರೊಡನೆ ಮಾಡಿಕೊಂಡ ಒಪ್ಪಂದದಂತೆ ಔಷಧಿ ಬರೆದು ಪ್ರಮಾಣವನ್ನು ಸರಿಹೊಂದಿಸಿದರು. ಆರು ತಿಂಗಳಲ್ಲಿ ಬಿ.ಪಿ.ಯ ಮೇಲಿನ ಅಂಕಿ ಮೊದಲ ಗುಂಪಿನಲ್ಲಿ ಸುಮಾರು 9, ಎರಡನೆಯದರಲ್ಲಿ 27ರಷ್ಟು ಇಳಿಯಿತು. ಊರಿನ ಸುದ್ದಿಯೆಲ್ಲ ಬಿಚ್ಚಿಕೊಳ್ಳುವುದು ಕ್ಷೌರದಂಗಡಿಯಲ್ಲೇ ಎಂಬುದನ್ನು ನಮಗೆ ಬೇರೆ ಹೇಳಿಕೊಡಬೇಕಿಲ್ಲ.

ರೇಷ್ಮೆ ಗೂಡು ಬೇಯಿಸುವ ಆವಿಯಲ್ಲಿ ದುಡಿದು ಉಬ್ಬಸ ಹತ್ತಿಸಿಕೊಂಡವರಿಗೆ ಪುಡಿಯ ಕ್ಯಾಪ್ಸೂಲ್ ಮತ್ತು ಅದನ್ನಿಟ್ಟು ಎಳೆಯುವ ಸಾಧನ ಕೊಟ್ಟರೆ, ಹೇಳಿಕೊಡುವವರಿಲ್ಲದೆ ಕ್ಯಾಪ್ಸೂಲನ್ನು ನೀರಿನೊಡನೆ ನುಂಗುವವರಿದ್ದಾರೆ. ಔಷಧಿ ಹೊಟ್ಟೆ ಸೇರುತ್ತದೆ, ಉಬ್ಬಸ ಹಾಗೇ ಇರುತ್ತದೆ. ಒಮ್ಮೆ ಎದುರಿಗೇ ಎಳೆದು ತೋರಿಸಲು ಎರಡು ನಿಮಿಷ ಸಾಕು.

ನಮ್ಮ ದೇಶದ 2015ರ ಫಾರ್ಮಸಿ ವೃತ್ತಿ ನಿಯಮಾವಳಿ ರೋಗಿಗೆ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕೆಲಸವೆಂದೇ ಗುರುತಿಸಿದೆ. ಆದರೆ ಪ್ರಮಾಣಪತ್ರ ಗೋಡೆಯ ಮೇಲಿದ್ದು, ಅದರಲ್ಲಿ ಹೆಸರಿರುವವರು ಅಂಗಡಿಯಲ್ಲಿಲ್ಲದಿರುವುದನ್ನು ನಾವೆಲ್ಲ ನೋಡಿದ್ದೇವೆ. ಇದ್ದವರ ಕೈಯನ್ನೂ ಕಾನೂನು ಕಟ್ಟಿದೆ: ವೈದ್ಯರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಯ ಔಷಧಿಯಾದರೆ, ಚೀಟಿಯಲ್ಲಿರುವ ಬ್ರ್ಯಾಂಡ್‌ಗೆ ಬದಲಾಗಿ ಅದೇ ಔಷಧಿಯ ಅಗ್ಗದ ಬ್ರ್ಯಾಂಡನ್ನು ತಾವಾಗಿ ಕೊಡುವಂತಿಲ್ಲ. ವೈದ್ಯರು ಬ್ರ್ಯಾಂಡ್ ಬಿಟ್ಟು ಔಷಧಿಯ ಮೂಲ (ಜೆನೆರಿಕ್) ಹೆಸರನ್ನೇ ಬರೆದರೆ ಮಾತ್ರ, ಅಂಥ ಔಷಧಿಗಳನ್ನು ಅಗ್ಗಕ್ಕೆ ಮಾರಲೆಂದು 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳ ಲಾಭ ಬಡವರಿಗೆ ಸಲೀಸಾಗಿ ದಕ್ಕೀತು.

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ದಿನಾಂಕವಿರುವ ತುದಿ ರೋಗಿಯ ಪಾಲಿಗೆ ಬರುವಂತೆ ಸ್ಟ್ರಿಪ್ ಕತ್ತರಿಸಬಹುದು. ಓದಲು ಬಾರದವರಿಗೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆದು ಕೊಡಬಹುದು. ಬಾಗೇಪಲ್ಲಿ, ಪಾವಗಡಗಳ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಅಜ್ಜಿಗೆ ಊಟಕ್ಕೆ ಮುಂಚೆಯೋ ಆಮೇಲೋ ಎಂಬುದನ್ನು ತೆಲುಗಿನಲ್ಲೇ ಹೇಳಬಹುದು.